ಎರಡು ಚೀಲ ಬೂದಿ

ಮೇ 28

ತಮ್ಮಾ,

ನಿನ್ನ ಮಗಳ ಕೆಮ್ಮು ನಿಂತಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ, ಯಾಕೆಂದರೆ ಕಾಗದ ಬಿಚ್ಚಿದ ಕೂಡಲೇ ನೀನು ಹುಡುಕುವುದು ಅದನ್ನೇ. ಮಿಕ್ಕಿದ್ದನ್ನು ಊಟದ ತಟ್ಟೆ ಮುಂದಿಟ್ಟುಕೊಂಡು ಓದುತ್ತೀಯ ಎಂದು ನನಗೆ ಗೊತ್ತು. ಬಂದ ಹೊಸದರಲ್ಲಿ ಕೆಮ್ಮಿ ಕೆಮ್ಮಿ ನನ್ನ ನಿದ್ದೆಗೆಡಿಸಿದಳು. ಆಮೇಲೆ ಯಾವಾಗ ನಿಂತಿತೆಂದು ಗೊತ್ತೇ ಆಗಲಿಲ್ಲ. ಭಟ್ಟಿಯ ಹೊಗೆಯಿಂದ ದೂರ ಇಡಿ, ಶಾಲೆ ಸೇರುವ ಹೊತ್ತಿಗೆ ಸರಿಹೋಗುತ್ತಾಳೆ ಎಂದು ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ.

ಫೋನಿರುವಾಗ ಕಾಗದವೇಕೆ ಎಂದು ನಿನ್ನ ಹೆಂಡತಿ ಕೇಳಿದಳಂತೆ. ಫೋನ್ ಎತ್ತಿದರೆ ಸಾಕು, ಬಟಾಣಿ ಬಂದು ನನ್ನ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ನಿಲ್ಲುತ್ತಾಳೆ. ಅವಳ ವಿಷಯ ಮಾತಾಡಬೇಕೆಂದರೆ, ಅವಳಿಗೆ ಓದು ಬರುವವರೆಗೆ ಕಾಗದವೇ ವಾಸಿ. ಹೇಗೂ ಸ್ಟೆಪ್ನಿ ವಾರವಾರ ನನ್ನ ಸಸಿ ತುಂಬಿಕೊಂಡು ನಿಮ್ಮ ಊರಿನ ಮಾರ್ಕೆಟ್ಟಿಗೆ ವ್ಯಾನ್ ಓಡಿಸುತ್ತಾನೆ. ಸ್ಟೆಪ್ನಿ ಚಕ್ರವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಆ ವ್ಯಾನಿನಲ್ಲಿರುತ್ತದೆ, ಒಂದು ಕಾಗದಕ್ಕೆ ಜಾಗ ಸಿಗದೇ ಇರುವುದಿಲ್ಲ.

ಮೂಗಿಗೆ ಬಟಾಣಿ ತುರುಕಿಕೊಂಡು ಆ ಹೆಸರು ಸಂಪಾದಿಸಿದವಳು, ಐದು ವರ್ಷವಾದರೂ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೇ ಒಯ್ಯುತ್ತಾಳೆ. ಮೊನ್ನೆ ಬದನೆ ಬೀಜ ಅಗಿದು ಉಗಿದಳು. ಆದರೆ ಕೆಲಸಗಳ್ಳಿಯಲ್ಲ. ಟೊಮೇಟೊ ಮಡಿ, ಮೆಣಸಿನಕಾಯಿ ಮಡಿ, ಕೋಸಿನ ಮಡಿ ಎಲ್ಲ ಗುರುತು ಹಿಡಿಯುತ್ತಾಳೆ. ಸಸಿ ಕೊಳ್ಳಲು ಬಂದವರಿಗೆ ತಾನೇ ಯಜಮಾನಿಯ ಹಾಗೆ ಕೈ ತೋರಿಸುತ್ತಾಳೆ.

ಈಗ ಕೆಲಸದ ಮಾತು. ಹೊಸದಾಗಿ ಬಿತ್ತಿದ ಮಡಿಗಳಿಗೆ ಇರುವೆ ಮುತ್ತಿದೆ. ಗ್ಯಾಸ್ ಬಂದ ಮೇಲೆ ಈ ಮನೆಯಲ್ಲಿ ಬೂದಿಗೇ ಬರ ಬಂದಿದೆ. ಅಮ್ಮ ಇದ್ದಿದ್ದರೆ ಬೂದಿ ಎರಚದ ಮಡಿ ನೋಡಿ ನನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ. ನೀನು ಈಗ ಭಟ್ಟಿಯಲ್ಲೇ ಇದ್ದೀಯಲ್ಲ, ಎರಡು ಚೀಲ ಬೂದಿ ಕಳಿಸು.

ನಿನ್ನ ಅಕ್ಕ


ಜೂನ್ 5

ಅಕ್ಕಾ,

ನೀನು ಹೇಳಿದ ಹಾಗೇ ಊಟ ಮಾಡುತ್ತಾ ಓದಿದೆ. ಮೊದಲ ಸಾಲನ್ನು ಇವಳಿಗೂ ಓದಿ ಹೇಳಿದೆ. ಇವಳು ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಸಂತೋಷಕ್ಕೋ, ಮಗಳು ತಾನಿಲ್ಲದೆಯೇ ಚೆನ್ನಾಗಾದಳಲ್ಲ ಎಂಬ ಸಂಕಟಕ್ಕೋ, ನಾನು ಕೇಳಲಿಲ್ಲ.

ಬೂದಿ ಕಳಿಸಿದ್ದೇನೆ. ಸುಮ್ಮನೆ ಗೋರಿ ತುಂಬಿದ್ದಲ್ಲ. ಭಟ್ಟಿಯ ಅಡಿಯ ಬೂದಿಯಲ್ಲಿ ಮೊಳೆ, ತಂತಿ, ಒಡೆದ ಬ್ಯಾಟರಿಯ ಚೂರು ಎಲ್ಲ ಇರುತ್ತದೆ. ಬಟಾಣಿ ಕೈಗೆ ಚುಚ್ಚೀತು, ನಿನ್ನ ಎಳೆ ಸಸಿಗೂ ಒರಟು. ಅದಕ್ಕೇ ಹೊಗೆ ಹೋಗುವ ಅಡ್ಡಕೊಳವೆಯೊಳಗೆ ಕೂರುತ್ತದಲ್ಲ, ಆ ನುಣ್ಣನೆಯ ಬೂದಿಯನ್ನೇ ಬಾಚಿದೆ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾಗಿದೆ. ಬಾಚುವಾಗ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ದಿನವಿಡೀ ಸೀನು. ನಮ್ಮ ಮೇಸ್ತ್ರಿ ನೋಡಿ, ಯಾರಿಗಯ್ಯಾ ಇಷ್ಟು ಸೇವೆ ಎಂದು ನಕ್ಕ. ನಮ್ಮಕ್ಕನಿಗೆ ಎಂದೆ.

ಇಲ್ಲಿ ಹೊಗೆ ಹಾಗೇ ಇದೆ. ಹಳೆ ಬ್ಯಾಟರಿ ಬಿಚ್ಚಿ, ಒಳಗಿನ ತಟ್ಟೆಗಳನ್ನು ಕರಗಿಸಿ, ಸೀಸದ ಗಟ್ಟಿ ಎರೆಯುವುದು. ಮಗಳಿಲ್ಲದಿರುವುದೇ ಒಳ್ಳೆಯದು ಎಂದು ದಿನಾ ಅಂದುಕೊಳ್ಳುತ್ತೇನೆ, ದಿನಾ ಅವಳ ಚಪ್ಪಲಿ ನೋಡುತ್ತೇನೆ.

ತಮ್ಮ


ಜುಲೈ 2

ತಮ್ಮಾ,

ನೀನು ಕಳಿಸಿದ ಬೂದಿ ನಿಜಕ್ಕೂ ಪೌಡರ್. ಹಾಲಿನ ಪುಡಿಯ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು ಕೊಟ್ಟಿದ್ದೇನೆ, ಬಟಾಣಿಯೇ ಮಡಿಮಡಿಗೂ ಉದುರಿಸುತ್ತಾಳೆ. ಬೇರೆ ಯಾರೂ ಡಬ್ಬಿ ಮುಟ್ಟುವಂತಿಲ್ಲ. ಸಂಜೆ ಹೊತ್ತಿಗೆ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿ ಮುದುಕಿಯ ಹಾಗೆ ಒಳಗೆ ಬರುತ್ತಾಳೆ. ಇರುವೆಗಳೂ ಹೋದವು.

ಆದರೆ ಸಸಿಗಳಿಗೆ ಏನೋ ಆಗಿದೆ. ಬೀಜ ಎಲ್ಲ ಮೊಳೆತವು, ಒಂದೂ ಹುಸಿಯಾಗಲಿಲ್ಲ. ಇನ್ನೇನು ಚಿಂತೆಯಿಲ್ಲ ಎಂದುಕೊಂಡೆ. ಎರಡೆಲೆ ಬಿಟ್ಟವು, ಅಲ್ಲೇ ನಿಂತವು. ಎಲೆಯಲ್ಲಿ ಹಳದಿ, ಅಂಚಿಗೆ ಒಂಥರಾ ನೇರಳೆ. ಒಂದನ್ನು ಕಿತ್ತು ನೋಡಿದೆ. ಬೇರು ಬೆಳ್ಳಗೆ, ಕೂದಲಿನ ಹಾಗೆ ಹರಡಿರಬೇಕು. ಇದರಲ್ಲಿ ಒಂದು ಕಂದು ಮೊಂಡು ಬಿಟ್ಟರೆ ಬೇರೇನಿಲ್ಲ, ತುದಿ ಸುಟ್ಟಂತಿದೆ. ಮೇಲೆ ಮೊಳಕೆ ಬಂದರೂ ಕೆಳಗೆ ಬೇರೇ ಇಲ್ಲ. ಇಷ್ಟು ವರ್ಷ ಸಸಿ ಮಾಡಿದ್ದೇನೆ, ಇಂಥದ್ದು ಕಂಡಿಲ್ಲ. ಬೀಜದ ಅಂಗಡಿಯವನ ಜೊತೆ ಕಾಲು ಕೆರೆದು ಜಗಳವಾಡಿ ಬಂದೆ. ಅವನು ಅದೇ ಬೀಜವನ್ನು ತನ್ನ ಹಿತ್ತಲಲ್ಲಿ ಹಾಕಿ ತೋರಿಸಿದ, ಹುಲುಸಾಗಿ ಬಂದಿದೆ. ರಸ್ತೆ ಪಕ್ಕದ ಚರಂಡಿ ನೀರು ಮಡಿಗೆ ಬಸಿಯುತ್ತಿದೆಯೇನೋ ಎಂದು ಅನುಮಾನ. ಇಲ್ಲವೇ ಬೇರುಹುಳ.

ಹುಳವೆಂದ ಕೂಡಲೇ ನೆನಪಾಯಿತು, ನಿನ್ನ ಮಗಳ ಹೊಟ್ಟೆಯಲ್ಲೂ ಹುಳವಂತೆ. ಊಟ ಸೇರುತ್ತಿಲ್ಲ, ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಬಾಯಿಗೆ ಮಣ್ಣು ಹಾಕುವ ಮಗು, ಹುಳವೇ ಇರಬೇಕು ಎಂದು ಇಲ್ಲಿಯ ಡಾಕ್ಟರು ಔಷಧಿ ಕೊಟ್ಟಿದ್ದಾರೆ. ಇವಳ ತಾಯಿಗೆ ಈಗಲೇ ಹೇಳಬೇಡ, ಸುಮ್ಮನೆ ಹೆದರುತ್ತಾಳೆ.

ಬೂದಿ ಮುಗಿಯುತ್ತ ಬಂತು. ಬೇರುಹುಳಕ್ಕೂ ಅಮ್ಮ ಬೂದಿಯನ್ನೇ ಹಾಕುತ್ತಿದ್ದಳು. ಇನ್ನೆರಡು ಚೀಲ ಕಳಿಸು, ಅದೇ ನುಣ್ಣನೆಯದ್ದು.

ಅಕ್ಕ


ಜುಲೈ 9

ಅಕ್ಕಾ,

ಬೂದಿ ಕಳಿಸಿದ್ದೇನೆ. ಈ ಸಲ ಕೊಳವೆಯ ಇನ್ನೂ ಒಳಗೆ ಕೈಹಾಕಿ ಬಾಚಿದೆ.

ನೀನು ಹೇಳಬೇಡ ಎಂದಿದ್ದನ್ನು ನಾನು ಹೇಳಲಿಲ್ಲ. ಆದರೆ ಇವಳು ಕಾಗದವನ್ನು ನನ್ನ ಜೇಬಿನಿಂದ ತೆಗೆದು ಓದಿದಳು. ಅಲ್ಲಿಂದ ಮನೆಯಲ್ಲಿ ಮಾತು ಬಿಗಿಯಾಗಿದೆ. ಕರೆದುಕೊಂಡು ಬಾ ಎನ್ನುತ್ತಾಳೆ. ಇಲ್ಲಿಗೆ ಕರೆತಂದು ಏನು ಮಾಡಲಿ? ನಾನು ಕೆಲಸ ಮುಗಿಸಿ ಮನೆಗೆ ಬಂದರೆ ನನ್ನ ಬಟ್ಟೆಯ ವಾಸನೆಗೇ ಅವಳು ಕೆಮ್ಮುತ್ತಿದ್ದಳು, ನೀನೇ ನೋಡಿದ್ದೀಯ. ಹೊಟ್ಟೆ ಹುಳ ಹತ್ತು ದಿನದ್ದು, ಹೊಗೆ ಹಾಗಲ್ಲ ಎಂದು ಹೇಳಿ ಇವಳ ಬಾಯಿ ಮುಚ್ಚಿಸಿದೆ. ಬಾಯಿ ಮುಚ್ಚಿದಳು, ಒಪ್ಪಲಿಲ್ಲ.

ಅಲ್ಲಿ ನಿನ್ನೂರಿನ ಗಾಳಿ ಚೆನ್ನಾಗಿದೆ. ಅದೊಂದೇ ನನಗೆ ಧೈರ್ಯ. ಚರಂಡಿ ನೀರನ್ನು ಸ್ವಲ್ಪ ನೋಡಿಕೊ.

ತಮ್ಮ


ಜುಲೈ 20

ಅಕ್ಕನವರಿಗೆ,

ಇವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಸ್ಟೆಪ್ನಿಯವರ ಕೈಗೆ ನಾನೇ ಕೊಟ್ಟಿದ್ದೇನೆ.

ಭಾನುವಾರ ಫೋನಿನಲ್ಲಿ ಬಟಾಣಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಳು. ಊಟ ಆಯ್ತಾ ಅಂದರೆ ಹೂಂ. ಏನು ತಿಂದೆ ಅಂದರೆ ಸುಮ್ಮನಾದಳು. ಆಮೇಲೆ ಮಡಿ ಎಂಬ ಮಾತು ಹುಡುಕಲು ಅವಳಿಗೆ ಅಷ್ಟು ಹೊತ್ತು ಹಿಡಿಯಿತು. ಮಾತಿನ ಮಲ್ಲಿ ಅವಳು. ನನ್ನ ಮಗಳನ್ನು ನಾನು ಬಲ್ಲೆ.

ಮಕ್ಕಳನ್ನು ಸಾಕಿದವರಿಗೆ ಇದು ಗೊತ್ತಾಗುತ್ತಿತ್ತು. ಬರೆಯಬಾರದೆಂದುಕೊಂಡೆ, ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ. ಇನ್ನು ಎರಡು ವಾರದಲ್ಲಿ ಅವಳು ಮೊದಲಿನಂತಾಗದಿದ್ದರೆ ನಾನು ಬಂದು ಕರೆದುಕೊಂಡು ಹೋಗುತ್ತೇನೆ. ಹೊಗೆಯಾದರೂ ಸರಿ, ನನ್ನ ಕಣ್ಣೆದುರು ಇರಲಿ.

ಬಟಾಣಿಯ ತಾಯಿ


ಜುಲೈ 27

ತಾಯೀ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಹೌದು, ನನಗೆ ಮಕ್ಕಳಾಗಲಿಲ್ಲ, ಗಂಡನೂ ಉಳಿಯಲಿಲ್ಲ. ಅದನ್ನು ಎತ್ತಿ ಆಡಲು ಊರಿನವರು ಸಾಲದೇ? ನಿನ್ನ ಮಗಳು ಬಂದ ದಿನದಿಂದ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದೇನೆ. ಹಾಲು ಕಾಯಿಸಿ ಆರಿಸಿ ಕುಡಿಸುತ್ತೇನೆ, ತಲೆ ಬಾಚುತ್ತೇನೆ.

ಇಷ್ಟು ಬರೆದು ಎದ್ದುಹೋದೆ. ಮತ್ತೆ ಬಂದು ಕೂತಿದ್ದೇನೆ. ನೀನು ಹೇಳಿದ್ದು ನಿಜ, ಅವಳು ಮಾತು ಹುಡುಕುತ್ತಾಳೆ. ನಾನೂ ನೋಡಿದ್ದೆ. ನೋಡಿ, ಆಟದ ದಣಿವು ಎಂದುಕೊಂಡೆ. ಮುಖ ಬಿಳಿಚಿದೆ. ಔಷಧಿಗೆ ಹುಳವೂ ಬೀಳಲಿಲ್ಲ, ನೋವೂ ಹೋಗಲಿಲ್ಲ.

ಸಸಿಗಳೂ ಇನ್ನೂ ಹಾಗೇ ಇವೆ. ಎರಡೂ ಒಂದೇ ಹೊತ್ತಿನಲ್ಲಿ ಶುರುವಾದವು ಅನ್ನುವುದು ನನ್ನ ತಲೆಯಲ್ಲಿ ಕೊರೆಯುತ್ತಿದೆ. ಚರಂಡಿ ನೀರಿನಲ್ಲಿ ಏನಾದರೂ ಇದ್ದರೆ ಸಸಿಗೂ ಮಗುವಿಗೂ ತಾಗಿರಬೇಕು. ನಾಳೆ ಡಬ್ಬಿಗಳಲ್ಲಿ ಮೂಲಂಗಿ ಬೀಜ ಹಾಕುತ್ತೇನೆ, ಅದು ಬೇಗ ಬರುತ್ತದೆ. ಒಂದಕ್ಕೆ ಚರಂಡಿ ಪಕ್ಕದ ಮಣ್ಣು, ಒಂದಕ್ಕೆ ಮಡಿಯ ಮಣ್ಣು, ಒಂದಕ್ಕೆ ಹಿತ್ತಲ ಮರದ ಕೆಳಗಿನ ಮಣ್ಣು. ಬೇರು ನೋಡಿದರೆ ತಿಳಿಯುತ್ತದೆ. ಅಷ್ಟು ದಿನ ಕೊಡು. ಚರಂಡಿಯೇ ಎಂದು ಗೊತ್ತಾದರೆ ನಾನೇ ಅವಳನ್ನು ಎತ್ತಿಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ.

ಅವಳನ್ನು ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ. ಇದನ್ನೂ ಹೊಡೆದುಹಾಕುವುದಿಲ್ಲ.

ಅಕ್ಕ


ಆಗಸ್ಟ್ 11

ತಮ್ಮಾ,

ಆಸ್ಪತ್ರೆಯಲ್ಲಿ ಏನೆಂದರು? ನಿನ್ನ ಫೋನ್ ಹೋಗುತ್ತಿಲ್ಲ. ಒಂದು ಸಾಲು ಬರೆದು ಸ್ಟೆಪ್ನಿಯ ಕೈಗೆ ಕೊಡು.

ನೀವು ಬಂದು ಹೋದ ಆ ಅರ್ಧ ಗಂಟೆಯಲ್ಲಿ ಏನೂ ಹೇಳಲಾಗಲಿಲ್ಲ. ಫೋನಿನಲ್ಲಿ ನಿನಗೆ ನನ್ನ ಪ್ರಶ್ನೆಯೊಂದೇ ಕೇಳಿಸಿತು, ಅದಕ್ಕೆ ಮುಂಚಿನದನ್ನು ಈಗ ಬರೆಯುತ್ತೇನೆ. ಡಬ್ಬಿಗಳಲ್ಲಿ ಬೀಜ ಎಲ್ಲ ಮೊಳೆತವು. ಐದಾರು ದಿನ ಬಿಟ್ಟು ಅಲುಗಿಸಿ ಕಿತ್ತೆ. ಚರಂಡಿ ಮಣ್ಣಿನಲ್ಲಿ ಬೇರು ನೆಟ್ಟಗೆ, ಬೆಳ್ಳಗೆ, ಬೆರಳುದ್ದ ಇತ್ತು. ಮರದ ಕೆಳಗಿನ ಮಣ್ಣಿನಲ್ಲೂ ಹಾಗೇ. ಮಡಿಯ ಮಣ್ಣಿನಲ್ಲಿ ಅದೇ ಕಂದು ಮೊಂಡು. ಮಡಿಯ ಮಣ್ಣು ಹೊರಗಿಂದ ಬಂದದ್ದಲ್ಲ, ಅದೇ ಮರದ ಕೆಳಗಿನಿಂದ ನಾನೇ ಹೊತ್ತು ಹಾಕಿದ್ದು. ಹಾಗಾದರೆ ಮಡಿಗೆ ಬಂದ ಮೇಲೆ ಅದಕ್ಕೆ ಏನಾಯಿತು? ಎಷ್ಟು ತಿಣುಕಿದರೂ ಹೊಳೆಯಲಿಲ್ಲ.

ಬಟಾಣಿಯದೂ ಒಂದು ಡಬ್ಬಿ ಇತ್ತು. ತನಗೂ ಬೇಕೆಂದು ಹಠ ಮಾಡಿದ್ದಳು. ಮರದ ಕೆಳಗಿನ ಮಣ್ಣನ್ನೇ ತುಂಬಿ ಕೊಟ್ಟಿದ್ದೆ, ಬೀಜವೂ ಅದೇ, ನೀರೂ ಅದೇ. ಅದನ್ನು ಕಿತ್ತಾಗ ಎಲ್ಲಕ್ಕಿಂತ ಕೆಟ್ಟದಾಗಿತ್ತು, ಬೇರಿನ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ನಿನ್ನ ಡಬ್ಬಿಗೆ ಏನು ಮಾಡಿದೆ ಮಗಾ ಎಂದು ಕೇಳಿದೆ. ಅವಳ ಮುಖ ಬಾಡಿತು. "ಅದು ನಂದಲ್ವಾ ಅತ್ತೆ. ಅದಕ್ಕೇ ಅದಕ್ಕೆ ಜಾಸ್ತಿ ಬೂದಿ ಹಾಕ್ತಿದ್ದೆ" ಅಂದಳು.

ಅವಳ ಕೈ ನೋಡಿದೆ. ಬೆರಳ ಸಂದಿಯಲ್ಲಿ ಬೂದಿ, ತುಟಿಯ ಮೂಲೆಯಲ್ಲಿ ಬೂದಿ. ಆಗ ನಿನ್ನ ಜೂನಿನ ಕಾಗದ ನೆನಪಾಯಿತು. ನೀನು ಏನನ್ನೂ ಮುಚ್ಚಿಟ್ಟಿರಲಿಲ್ಲ. ಅಡ್ಡಕೊಳವೆ ಎಂದು ಬರೆದಿದ್ದೆ, ಮೂಗಿಗೆ ಬಟ್ಟೆ ಎಂದೂ ಬರೆದಿದ್ದೆ. ನಾನು ಓದಿ ಖುಷಿಪಟ್ಟಿದ್ದೆ. ಬೂದಿಯೆಂದರೆ ಅಮ್ಮನ ಒಲೆಯ ಬೂದಿ ಎಂದೇ ನಮ್ಮಿಬ್ಬರ ತಲೆಯಲ್ಲಿ ಕೂತಿತ್ತು. ಫೋನ್ ಮಾಡಿ, ಆ ಕೊಳವೆ ಬೂದಿಯಲ್ಲಿ ಏನಿರುತ್ತದೆ ಎಂದು ಕೇಳಿದೆ. ನೀನು, "ಅವಳ ಕೈ ತೊಳಿ ಅಕ್ಕ. ಬಾಯಿ ತೊಳಿ. ಈಗಲೇ ಬರ್ತೀವಿ" ಎಂದೆ.

ನಿನ್ನ ಹೆಂಡತಿ ಗೇಟಿನ ಹತ್ತಿರದ ನಲ್ಲಿಯಲ್ಲಿ ಅವಳನ್ನು ತಿಕ್ಕಿ ತಿಕ್ಕಿ ತೊಳೆದಳು. ಉಟ್ಟ ಬಟ್ಟೆ ಅಲ್ಲೇ ಬಿಚ್ಚಿ ಹಾಕಿ, ತಾನು ತಂದ ಹೊಸ ಫ್ರಾಕು ಹಾಕಿದಳು. ಗೊಂಬೆಯನ್ನೂ ಮುಟ್ಟಗೊಡಲಿಲ್ಲ. ಬಟಾಣಿ ನನ್ನ ಕಡೆ ಬರಲು ಹೊರಟಾಗ ತಡೆದು ಎತ್ತಿಕೊಂಡಳು. ನಾನು ಕೈ ಚಾಚಿ ನಿಂತಿದ್ದವಳು ಹಾಗೇ ನಿಂತೆ. ನನ್ನ ಕೈಗಳಲ್ಲೂ ಅದೇ ಬೂದಿ, ಅವಳು ಮಾಡಿದ್ದು ಸರಿ.

ಒಂದು ಸಾಲು ಬರೆ.

ಅಕ್ಕ


ಆಗಸ್ಟ್ 26

ಅಕ್ಕಾ,

ರಕ್ತದಲ್ಲಿ ಸೀಸ. ಬಹಳ ಇದೆ ಎಂದರು. ವಾರ್ಡಿನಲ್ಲಿಟ್ಟುಕೊಂಡು ಔಷಧಿ ಹತ್ತಿಸಿದರು. ಈಗ ಮನೆಗೆ ಕಳಿಸಿದ್ದಾರೆ, ಮತ್ತೆ ಮತ್ತೆ ಹೋಗಿ ರಕ್ತ ತೋರಿಸಬೇಕು. ಹೊಟ್ಟೆನೋವು ಕಡಿಮೆಯಾಗಿದೆ. ಮಾತು, ಓದು, ನೆನಪು ಹೇಗಾಗುತ್ತದೆ ಎಂದು ಕೇಳಿದೆ. ಕಾದು ನೋಡಬೇಕು ಎಂದರು. ಎಷ್ಟು ಕಾಯಬೇಕು ಎಂದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

ಕರಗಿದ ಸೀಸದ ಆವಿ ಹೊಗೆಯ ಜೊತೆ ಹೊರಟು, ಕೊಳವೆಯಲ್ಲಿ ತಣ್ಣಗಾಗಿ ಪುಡಿಯಾಗಿ ಕೂರುತ್ತದಂತೆ. ನುಣ್ಣಗಿದ್ದಷ್ಟೂ ಬೇಗ ಮೈಗೆ ಸೇರುತ್ತದಂತೆ. ನಾನು ಆರಿಸಿ ಆರಿಸಿ ಕಳಿಸಿದ್ದು ಅದನ್ನೇ. ಹೊಗೆಯಿಂದ ತಪ್ಪಿಸಲೆಂದು ಮಗಳನ್ನು ಕಳಿಸಿ, ಅದೇ ಹೊಗೆಯನ್ನು ಚೀಲಕ್ಕೆ ತುಂಬಿ ಅವಳ ಹಿಂದೆಯೇ ಕಳಿಸಿದೆ.

ಇನ್ನೊಂದು ಮಾತು, ನಿನಗೆ ಗೊತ್ತಿರಬೇಕು. ಎಲ್ಲವೂ ನಿನ್ನ ಮನೆಯಲ್ಲೇ ಸೇರಿದ್ದಲ್ಲ. ನನ್ನ ರಕ್ತವನ್ನೂ ಇವಳ ರಕ್ತವನ್ನೂ ನೋಡಿದರು, ಅದರಲ್ಲೂ ಇದೆ. ನನ್ನ ಬಟ್ಟೆಯಲ್ಲಿ, ಕೂದಲಲ್ಲಿ ನಾನೇ ಮನೆಗೆ ತರುತ್ತಿದ್ದೆನಂತೆ. ಭಟ್ಟಿ ಬಿಟ್ಟೆ. ಈಗ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತೇನೆ. ಇವಳು ಮನೆಯ ನೆಲವನ್ನು ದಿನಕ್ಕೆ ಎಷ್ಟು ಸಲ ಒರೆಸುತ್ತಾಳೋ, ಒರೆಸಿದ ಬಟ್ಟೆಯನ್ನು ಎಲ್ಲಿ ಹಾಕುತ್ತಾಳೋ ಕೇಳಲು ನನಗೆ ಧೈರ್ಯವಿಲ್ಲ. ನನ್ನ ಜೊತೆ ಮಾತಿಲ್ಲ.

ಸದ್ಯಕ್ಕೆ ಫೋನ್ ಮಾಡಬೇಡ. ಬರುವುದೂ ಬೇಡ ಅಕ್ಕಾ. ನಾನು ಹೇಳುತ್ತಿರುವುದಲ್ಲ.

ತಮ್ಮ


ಸೆಪ್ಟೆಂಬರ್ 19

ತಮ್ಮಾ,

ಬರುವುದಿಲ್ಲ. ಫೋನೂ ಮಾಡುವುದಿಲ್ಲ. ಹೇಳಬೇಕಾದ್ದನ್ನು ಬರೆಯುವುದಕ್ಕಾದರೂ ಅಪ್ಪಣೆ ಇರಲಿ.

ಮಡಿಯ ಮಣ್ಣನ್ನೂ ಉಳಿದ ಬೂದಿಯನ್ನೂ ಕೃಷಿ ಕಚೇರಿಗೆ ಒಯ್ದೆ. ಅಲ್ಲಿಯ ಹುಡುಗಿ ಕೈಗವಸು ಹಾಕಿಕೊಂಡು ಚೀಲ ತೆಗೆದುಕೊಂಡಳು. ಪರೀಕ್ಷೆಯಾದ ಮೇಲೆ, ಸೀಸ, ಜೊತೆಗೆ ಇನ್ನೂ ಎರಡು ಲೋಹಗಳಿವೆ ಎಂದಳು. ಬೀಜದೊಳಗೆ ಅದರದೇ ಊಟ ಇರುವುದರಿಂದ ಮೊಳಕೆಯೇನೋ ಬಂದುಬಿಡುತ್ತದೆ, ಬೇರು ಮಣ್ಣನ್ನು ಮುಟ್ಟಿದ ಮೇಲೆ ಶುರು ಎಂದು ವಿವರಿಸಿದಳು. ಮೊಳಕೆ ಎಣಿಸಿ ಸಮಾಧಾನಪಟ್ಟುಕೊಳ್ಳುವ ನಮ್ಮಂಥವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಅಷ್ಟಿಷ್ಟು ಚೇತರಿಸಿಕೊಂಡ ಸಸಿಗಳನ್ನು ನಾನು ಮೊದಲೇ ಮಾರಿಬಿಟ್ಟಿದ್ದೆ. ತೆಗೆದುಕೊಂಡವರ ಮನೆಮನೆಗೂ ಹೋದೆ. ಕಿತ್ತುಬಿಡಿ, ಬೇರಿಗಂಟಿದ ಮಣ್ಣಿನ ಸಮೇತ ನನಗೆ ವಾಪಸ್ ಕೊಡಿ ಎಂದೆ. ಕೆಲವರು ಕೊಟ್ಟರು. ಒಬ್ಬಳು ಬಾಗಿಲಲ್ಲೇ ನಿಲ್ಲಿಸಿ, ನಾವು ಮಕ್ಕಳಿರುವವರು ಎಂದಳು. ಇನ್ನು ನನ್ನ ಹತ್ತಿರ ಯಾರೂ ಸಸಿಗೆ ಬರುವುದಿಲ್ಲ, ಬರಲೂ ಬಾರದು. ಕಿತ್ತ ಸಸಿಗಳನ್ನು ಸುಡುವಂತಿಲ್ಲ, ಮತ್ತೆ ಹೊಗೆಯಾಗುತ್ತದೆ. ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ. ಮಡಿಯ ಮಣ್ಣು ಕೆರೆದು ಚೀಲಕ್ಕೆ ತುಂಬಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಿತ್ತಲಲ್ಲಿ ತಾಡಪಾಲಿನ ಕೆಳಗೆ ಪೇರಿಸಿದ್ದೇನೆ. ಎಲ್ಲಿಗೆ ಹಾಕಬೇಕು ಎಂದು ಕೇಳಿದರೆ ಕಚೇರಿಯವರು ಮೇಲಿನವರನ್ನು ಕೇಳುತ್ತೇವೆ ಎಂದಿದ್ದಾರೆ. ಅಮ್ಮ ಕೈಯಾರೆ ಮಾಡಿದ ಮಡಿಗಳು, ಈಗ ಬರೀ ಹಳ್ಳ.

ಅದೆಲ್ಲ ಹಾಳಾಗಲಿ. ಬಟಾಣಿ ನನ್ನನ್ನು ಕೇಳುತ್ತಾಳೆಯೇ? ಕೇಳದಿದ್ದರೆ ಕೇಳುವುದಿಲ್ಲ ಎಂದೇ ಬರೆ, ನಾನು ತಡೆದುಕೊಳ್ಳುತ್ತೇನೆ.

ಅಕ್ಕ


ಅಕ್ಟೋಬರ್ 30

ಅಕ್ಕನವರಿಗೆ,

ಬಟಾಣಿ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಅವಳು ನಿಲ್ಲಿಸಿದಲ್ಲಿ ನಿಲ್ಲಿಸಿದ್ದೇನೆ.

ಅತ್ತೆ. ನಾನು ಚೆನ್ನಾಗಿದ್ದೀನಿ. ಸೂಜಿ ಚುಚ್ಚಿದ್ರು. ಅತ್ತಿಲ್ಲ. ಸ್ವಲ್ಪ ಅತ್ತೆ. ಅತ್ತೆ ನನ್ನ ಡಬ್ಬಿ ಹೇಗಿದೆ. ನಾನು ಇಲ್ಲ ಅಂತ ಮರೀಬೇಡ. ಅದಕ್ಕೆ ದಿನಾ ಬೂದಿ ಹಾಕು. ಜಾಸ್ತಿ ಹಾಕು.

ಇಷ್ಟು ಹೇಳಿ ಮಲಗಿದಳು. ಇಷ್ಟು ಹೇಳಲು ಅವಳಿಗೆ ಒಂದು ಸಂಜೆ ಹಿಡಿಯಿತು. ರಕ್ತದಲ್ಲಿ ಸೀಸ ಇಳಿಯುತ್ತಿದೆ, ನಿಧಾನವಾಗಿ. ಅವಳ ಅಪ್ಪ ಯಾಕೆ ಕೆಲಸ ಬಿಟ್ಟರು, ತನ್ನನ್ನು ಯಾಕೆ ಕರೆತಂದೆವು, ಯಾವುದನ್ನೂ ಅವಳಿಗೆ ಹೇಳಿಲ್ಲ. ಹೇಳಿದರೆ ತಾನೇ ಸಸಿಗಳನ್ನು ಕೊಂದೆ ಎಂದುಕೊಳ್ಳುತ್ತಾಳೆ. ಹಾಗೆ ಯೋಚಿಸುವ ಮಗು ಅದು. ಏನು ಹೇಳಲಿ ಎಂದು ನನಗೆ ತೋಚುತ್ತಿಲ್ಲ, ನೀವೇ ಬರೆಯಿರಿ. ಓದಿ ಹೇಳುತ್ತೇನೆ.

ಬಟಾಣಿಯ ತಾಯಿ


ನವೆಂಬರ್ 8

ಬಟಾಣೀ,

ನಿನ್ನ ಡಬ್ಬಿಯ ಸಸಿ ಬದುಕಲಿಲ್ಲ ಮಗಾ. ನಿನ್ನದಷ್ಟೇ ಅಲ್ಲ, ಅತ್ತೆಯದೂ ಎಲ್ಲ ಹೋದವು. ಬೂದಿ ಕೆಟ್ಟುಹೋಗಿತ್ತು, ಅದು ಅತ್ತೆಗೂ ಗೊತ್ತಾಗಲಿಲ್ಲ, ನಿನ್ನಪ್ಪನಿಗೂ ಗೊತ್ತಾಗಲಿಲ್ಲ. ಇಷ್ಟು ದೊಡ್ಡವರಾಗಿ ನಮಗೇ ಗೊತ್ತಾಗದ್ದು ನಿನಗೆ ಹೇಗೆ ಗೊತ್ತಾಗಬೇಕು? ನೀನು ನಿನ್ನ ಡಬ್ಬಿಯನ್ನು ಚೆನ್ನಾಗಿ ನೋಡಿಕೊಂಡೆ. ಕೆಟ್ಟಿದ್ದು ಬೂದಿ, ನೀನಲ್ಲ.

ಈಗ ಹೊಸದು ಮಾಡೋಣ. ಅಮ್ಮನಿಗೆ ಹೇಳಿ ಅಂಗಡಿಯಿಂದ ಒಂದು ಹಿಡಿ ಒಣ ಬಟಾಣಿ ತರಿಸು. ಗಾಜಿನ ಲೋಟ ತಗೋ. ಒಳಗೆ ಸುತ್ತಲೂ ಹತ್ತಿ ಇಟ್ಟು, ಹತ್ತಿಗೂ ಗಾಜಿಗೂ ನಡುವೆ ಒಂದೇ ಒಂದು ಕಾಳು ಸಿಕ್ಕಿಸು. ನೆನಪಿರಲಿ, ಲೋಟಕ್ಕೆ, ಮೂಗಿಗಲ್ಲ. ಹತ್ತಿ ಒದ್ದೆಯಾಗುವಷ್ಟೇ ನೀರು. ಮಣ್ಣು ಬೇಡ, ಬೂದಿ ಬೇಡವೇ ಬೇಡ. ಬೇರು ಗಾಜಿನಾಚೆಯಿಂದಲೇ ಕಾಣುತ್ತದೆ, ಅತ್ತೆಯ ಹಾಗೆ ಕಿತ್ತು ನೋಡುವ ಕೆಲಸವಿಲ್ಲ. ಬೆಳ್ಳಗಿದ್ದರೆ ನನಗೆ ಹೇಳಿಕಳಿಸು.

ಇಲ್ಲಿಂದ ಮುಂದಿನದು ನಿನ್ನ ಅಮ್ಮನಿಗೆ. ನನ್ನ ಮನೆಯಿಂದ ಒಂದು ಕಾಳನ್ನೂ ಕಳಿಸುತ್ತಿಲ್ಲ. ಈ ಕಾಗದವನ್ನೂ ಮನೆಯಲ್ಲಿ ಬರೆದಿಲ್ಲ. ಅಂಚೆ ಕಚೇರಿಗೆ ಬಂದು, ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದುಕೊಂಡು, ಇಲ್ಲಿಯೇ ಕೊಂಡ ಹಾಳೆಯ ಮೇಲೆ ಇಲ್ಲಿಯ ಪೆನ್ನಿನಲ್ಲಿ ನಿಂತುಕೊಂಡು ಬರೆಯುತ್ತಿದ್ದೇನೆ. ಸ್ಟೆಪ್ನಿಯ ವ್ಯಾನಿನಲ್ಲಿ ಆ ಚೀಲಗಳು ಬಂದಿದ್ದವು, ಅದಕ್ಕೇ ಅಂಚೆಯಲ್ಲಿ ಹಾಕುತ್ತೇನೆ. ಅವಳು ಕಾಗದವನ್ನೂ ಬಾಯಿಗೆ ಹಾಕುವವಳು.

ಅತ್ತೆ


ಡಿಸೆಂಬರ್ 2

ಅಕ್ಕಾ,

ಲೋಟದಲ್ಲಿ ಬೇರು ಬಂದಿದೆ. ಬೆಳ್ಳಗಿದೆ. ಅವಳ ಕಿರುಬೆರಳಿಗಿಂತ ಉದ್ದವಾಗಿದೆ, ಪಕ್ಕದಿಂದ ಸಣ್ಣವೂ ಹೊರಟಿವೆ.

ಲೋಟವನ್ನು ನನ್ನ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಇಡಬೇಕೆಂದು ಅವಳ ಆಜ್ಞೆ. ಇವತ್ತು ಬೆಳಗ್ಗೆ ಕಿಟಕಿಗೆ ಹಿಡಿದು ನೋಡುತ್ತಾ, "ಅಮ್ಮ, ಬೂದಿ ಹಾಕದೇ ಇದ್ರೂ ಬಂತಲ್ಲ. ಹಾಗಾದ್ರೆ ನಾವ್ಯಾಕೆ ಹಾಕ್ತಿದ್ವಿ?" ಎಂದು ಕೇಳಿದಳು. ಎಲ್ಲೂ ನಿಲ್ಲಿಸದೆ, ಮಾತು ಹುಡುಕದೆ ಕೇಳಿದಳು. ಇವರು ಚಹಾ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನೂ ಇವರ ಮುಖ ನೋಡಿದೆ, ಎಷ್ಟೋ ದಿನದ ಮೇಲೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಮಾತು ತಡೆಯತೊಡಗಿತು. ಡಾಕ್ಟರು ಈಗಲೂ ಕಾದು ನೋಡಬೇಕು ಎಂದೇ ಹೇಳುತ್ತಾರೆ. ಆದರೆ ಬೆಳಗ್ಗೆ ಕೇಳಿದ್ದನ್ನು ನಾವಿಬ್ಬರೂ ಕೇಳಿಸಿಕೊಂಡಿದ್ದೇವೆ.

ಅವಳ ಪ್ರಶ್ನೆಗೆ, ಅತ್ತೆ ಬಂದು ಹೇಳುತ್ತಾರೆ ಎಂದುಬಿಟ್ಟಿದ್ದೇನೆ. ಬಂದುಬಿಡಿ. ಮಕ್ಕಳನ್ನು ಸಾಕಿದವರು ಎಂದು ಒಂದು ಮಾತು ಬರೆದಿದ್ದೆ. ಈ ಮನೆಯ ಧೂಳನ್ನು ನಾನು ಐದು ವರ್ಷ ಗುಡಿಸಿದ್ದೇನೆ, ನನಗೂ ಏನೂ ಗೊತ್ತಾಗಿರಲಿಲ್ಲ.

ಬರುವಾಗ ಏನೂ ತರಬೇಡಿ. ಬಟ್ಟೆಯನ್ನೂ ತರಬೇಡಿ. ಬಾಗಿಲ ಪಕ್ಕದಲ್ಲೇ ಬಚ್ಚಲಿದೆ, ಬಿಸಿನೀರು ಕಾಯಿಸಿರುತ್ತೇನೆ, ತಲೆಗೆ ಹಾಕಿಕೊಂಡೇ ಒಳಗೆ ಬನ್ನಿ. ನಿಮಗೆ ಎರಡು ಜೊತೆ ಬಟ್ಟೆ ಹೊಲಿದಿಟ್ಟಿದ್ದೇನೆ. ಅಳತೆ ಇರಲಿಲ್ಲ, ಆವತ್ತು ಗೇಟಿನ ಹತ್ತಿರ ನೀವು ನಿಂತಿದ್ದನ್ನು ನೆನಪಿಸಿಕೊಂಡು ಕತ್ತರಿಸಿದೆ. ತೋಳು ಉದ್ದವಾಗಿದ್ದರೆ ಬಂದ ಮೇಲೆ ಸರಿಮಾಡುತ್ತೇನೆ. ನೀವು ಕೈ ಚಾಚಿಕೊಂಡೇ ನಿಂತಿದ್ದಿರಿ.

ಬಟಾಣಿಯ ಅಮ್ಮ